ಗೆಳೆಯನ ಸಾಲಕ್ಕೆ ಜಾಮೀನು ಹಾಕೋದಾ, ಬೇಡ್ವಾ? ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರಿನಿಂದ:

ನನ್ನ ಜೊತೆ ಕೆಲಸ ಮಾಡುವ ಗೆಳೆಯ ತಂಗಿಯ ಮದುವೆಗೆ ಅಂತ ನಮ್ಮ ನೌಕರರ ಪತ್ತಿನ ಸಹಕಾರ ಸಂಘದಲ್ಲಿ 6 ಲಕ್ಷ ಸಾಲ ತೆಗೆಯುತ್ತಿದ್ದಾನೆ. ಇಬ್ಬರು ಜಾಮೀನುದಾರರು ಬೇಕು. ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬ ನಾನಾಗಬೇಕಂತೆ. ಒಳ್ಳೆಯ ಮನುಷ್ಯ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಬಂದು ಕೂತವನು. ಆದರೆ ಮುಂದಿನ ವರ್ಷ ನಾವೂ ಮನೆ ಕಟ್ಟೋಕೆ ಸಾಲ ಮಾಡಬೇಕು, ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ದಯವಿಟ್ಟು ಬುದ್ಧಿವಾದ ಬೇಡ. ಹಾಕಿದವರು, ಹಾಕದೇ ಇದ್ದವರು, ಆಮೇಲೆ ಏನಾಯಿತು ಅಂತ ಹೇಳಿ. ಶುಕ್ರವಾರದೊಳಗೆ ಅವನಿಗೆ ಉತ್ತರ ಕೊಡಬೇಕು.

ಶಿವಮೊಗ್ಗ ಕಡೆಯವರು, ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು:

ನಾನು ಕೌಂಟರಿನ ಈ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ. ಜಾಮೀನಿಗೆ ಬರುವವರು ಸಾಮಾನ್ಯವಾಗಿ ಊಟದ ಬಿಡುವಿನಲ್ಲಿ ಬರುತ್ತಾರೆ. ಗೆಳೆಯ ಪಕ್ಕದಲ್ಲೇ ನಿಂತಿರುತ್ತಾನೆ. ‘ಎಲ್ಲಿ ಸೈನ್ ಹಾಕ್ಬೇಕು ಸಾರ್’ ಅಂತ ಕೇಳುತ್ತಾರೆ, ಪುಟ ತಿರುಗಿಸುತ್ತಾ ಹೋದ ಹಾಗೆ ಹಾಕುತ್ತಾ ಹೋಗುತ್ತಾರೆ. ಓದಿ ನೋಡಿ ಅಂದರೆ ಗೆಳೆಯನ ಮುಖ ನೋಡುತ್ತಾರೆ. ಅವನೆದುರಿಗೆ ಓದಿದರೆ ಅನುಮಾನ ಪಟ್ಟ ಹಾಗೆ ಆಗುತ್ತದೆ ಅಂತ ಸಂಕೋಚ. ಇದು ಸಾಕ್ಷಿ ಸಹಿ ಅಂತಲೇ ಎಷ್ಟೋ ಜನ ತಿಳಿದಿರುತ್ತಾರೆ.

ಅದು ಸಾಕ್ಷಿ ಸಹಿ ಅಲ್ಲವೇ ಅಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತು ಬರೆದುಕೊಳ್ಳದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ‘ಮೊದಲು ಅವನನ್ನು ಹಿಡೀರಿ, ಅವನ ಹತ್ರ ಸಿಗದಿದ್ರೆ ನನ್ನ ಹತ್ರ ಬನ್ನಿ’ ಅನ್ನುವ ಮಾತು ನಡೆಯುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1960ರ ದಶಕದಲ್ಲೇ ಇದನ್ನು ಹೇಳಿಬಿಟ್ಟಿದೆ. ನಿಮ್ಮದು ನೌಕರರ ಸಂಘ, ಇಬ್ಬರ ಸಂಬಳವೂ ಅವರಿಗೆ ಗೊತ್ತು. ಕಂತು ನಿಂತರೆ ನಿಮ್ಮ ಸಂಬಳದಲ್ಲಿ ಕಡಿತಕ್ಕೆ ಬರೆಯುವುದು ಅವರಿಗೆ ಕಷ್ಟದ ಕೆಲಸವೇ ಅಲ್ಲ. ಇಬ್ಬರು ಜಾಮೀನುದಾರರಿದ್ದಾರೆ, ಅರ್ಧ ಅರ್ಧ ಬೀಳುತ್ತೆ ಅಂತಲೂ ಲೆಕ್ಕ ಹಾಕಬೇಡಿ. ಪತ್ರದಲ್ಲಿ ಸಾಮಾನ್ಯವಾಗಿ ‘ಒಟ್ಟಾಗಿ ಮತ್ತು ಪ್ರತ್ಯೇಕವಾಗಿ’ ಅಂತಿರುತ್ತದೆ. ಅಂದರೆ ಸಂಘ ಯಾರಿಂದ ಬೇಕಾದರೂ ಪೂರ್ತಿ ಕೇಳಬಹುದು. ಕೇಳುವುದು ಯಾರಿಂದ? ನೆಟ್ಟಗೆ ಸಂಬಳ ಬರುವವನಿಂದ, ಫೋನ್ ತೆಗೆಯುವವನಿಂದ.

ಸಾಲ ಕೊಟ್ಟಾದ ಮೇಲೆ ‘ನನ್ನ ಜಾಮೀನು ವಾಪಸ್ ತಗೋತೀನಿ’ ಅಂತ ಅರ್ಜಿ ಹಿಡಿದು ಬಂದವರನ್ನೂ ನೋಡಿದ್ದೇನೆ. ಬದಲಿ ಜಾಮೀನು ತಂದುಕೊಟ್ಟು, ಸಂಘ ಒಪ್ಪಿದರೆ ಮಾತ್ರ ಬಿಡುಗಡೆ.

ದಾವಣಗೆರೆ ಜಿಲ್ಲೆಯವರು, ಶಿಕ್ಷಕಿ:

ನಮ್ಮ ಮನೆಯವರು ತಮ್ಮ ಗೆಳೆಯರೊಬ್ಬರಿಗೆ ಜಾಮೀನು ಹಾಕಿದ್ದರು. ಬೋರ್‌ವೆಲ್ಲಿಗೆ ಅಂತ ತೆಗೆದ ಸಾಲ. ನೀರು ಬೀಳಲಿಲ್ಲ. ಒಂದು ವರ್ಷ ಹೇಗೋ ಕಟ್ಟಿದರು, ಆಮೇಲೆ ನಿಲ್ಲಿಸಿದರು. ಸೊಸೈಟಿಯ ನೋಟಿಸು ನಮ್ಮ ಮನೆಗೆ ಬಂತು.

ಹಣಕ್ಕಿಂತ ನಮಗೆ ಜಾಸ್ತಿ ನೋವಾಗಿದ್ದು ಅವರು ಫೋನ್ ತೆಗೆಯದೇ ಹೋಗಿದ್ದು. ಒಂದು ಮದುವೆಯಲ್ಲಿ ಎದುರಿಗೇ ಸಿಕ್ಕರು. ಪಂಕ್ತಿಯಲ್ಲಿ ಎಲೆ ಹಾಕಿ ಆಗಿತ್ತು, ಪಲ್ಯ, ಕೋಸಂಬರಿ ಬಡಿಸಿ ಆಗಿತ್ತು. ನಾವು ಬಂದು ಎದುರು ಸಾಲಿನಲ್ಲಿ ಕೂತಿದ್ದು ಕಂಡಿದ್ದೇ ತಡ, ಎದ್ದು ಕೈ ತೊಳೆಯುವವರ ಹಾಗೆ ಹಿಂದಿನ ಬಾಗಿಲಿಂದ ಹೊರಟೇ ಹೋದರು. ಅಷ್ಟು ದಿನ ‘ಮೋಸಗಾರ’ ಅಂತ ಬೈಯುತ್ತಿದ್ದ ನಮ್ಮ ಮನೆಯವರು ಅವತ್ತು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮೋಸ ಮಾಡುವವನು ಊಟ ಬಿಟ್ಟು ಓಡುವುದಿಲ್ಲ, ಅಲ್ವಾ? ಎದುರಿಗೆ ಬಂದು ಇನ್ನೊಂದು ಸುಳ್ಳು ಹೇಳುತ್ತಾನೆ.

ಹಣ ಬಂತಾ ಅಂದರೆ, ಬಂತು. ಅವರಿಂದಲ್ಲ, ಅವರ ತಾಯಿಯಿಂದ. ಅವರಿಗೆ ಸ್ವಲ್ಪ ಅಡಿಕೆ ಮರಗಳಿದ್ದವು. ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದರು. ನಂದಿನಿ ಹಾಲಿನ ಕವರನ್ನು ತೊಳೆದು ಒಣಗಿಸಿ ಅದರಲ್ಲಿ ನೋಟು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿರುತ್ತಿದ್ದರು. ‘ಎಣಿಸ್ಕೋ ತಾಯಿ’ ಅಂದು, ನಾನು ಎಣಿಸಿ ಮುಗಿಸುವವರೆಗೂ ಕಾಫಿ ಮುಟ್ಟುತ್ತಿರಲಿಲ್ಲ. ಪೂರ್ತಿ ತೀರಲಿಲ್ಲ, ಮುಕ್ಕಾಲು ಪಾಲು ಬಂತು. ಅವರು ತೀರಿಕೊಂಡ ಮೇಲೆ ನಾವು ಉಳಿದಿದ್ದನ್ನು ಕೇಳಲಿಲ್ಲ.

ನಿಮ್ಮ ಗೆಳೆಯ ಆಸ್ಪತ್ರೆಗೆ ಬಂದು ಕೂತಿದ್ದು ದೊಡ್ಡ ವಿಷಯ, ಇಲ್ಲ ಅನ್ನಲ್ಲ. ಆದರೆ ಜಾಮೀನಿಗೆ ನೋಡಬೇಕಾದ್ದು ಅದನ್ನಲ್ಲ ಅಂತ ನನಗೆ ಅನಿಸುತ್ತದೆ. ಅವನ ಕೈಯಲ್ಲಿ ಏನಾದರೂ ಕೆಟ್ಟಾಗ ತಾನೇ ಬಂದು ಹೇಳಿದ್ದಾನಾ? ಆಫೀಸಿನಲ್ಲಿ ಒಂದು ತಪ್ಪಾದರೆ ಮೊದಲು ಬಾಯಿ ಬಿಡುವವನಾ, ಬೇರೆಯವರು ಕಂಡುಹಿಡಿಯುವ ತನಕ ಸುಮ್ನೆ ಇರುವವನಾ? ಬೇರೆಯವರ ಕಷ್ಟಕ್ಕೆ ಓಡಿಬರುವ ಎಷ್ಟೋ ಜನಕ್ಕೆ ತಮ್ಮ ಕಷ್ಟ ಹೇಳಿಕೊಳ್ಳೋಕೆ ಬರುವುದೇ ಇಲ್ಲ. ಮನೆಯವರ ಗೆಳೆಯರೂ ಅಂಥವರೇ.

ಬೆಂಗಳೂರಿನವರು, ಖಾಸಗಿ ಕಂಪನಿ ಕೆಲಸ:

ನಾನು ಇಲ್ಲ ಅಂದವನು. ರೂಮ್‌ಮೇಟ್ ಆಗಿದ್ದವನು ಕೇಳಿದ್ದ. ‘ಜಾಮೀನು ಹಾಕಲ್ಲ, ಆದ್ರೆ 30 ಸಾವಿರ ಕೊಡ್ತೀನಿ, ವಾಪಸ್ ಬೇಡ’ ಅಂದೆ. ಅವನು ದುಡ್ಡೂ ತೆಗೆದುಕೊಳ್ಳಲಿಲ್ಲ. ಬೇರೆಯವರಿಂದ ಸಹಿ ಹಾಕಿಸಿ, ಒಂದು ಕಂತೂ ತಪ್ಪದೆ ಸಾಲ ತೀರಿಸಿದ. ಅಂದರೆ ನಾನು ಸಹಿ ಹಾಕಿದ್ದರೂ ನನಗೇನೂ ಆಗುತ್ತಿರಲಿಲ್ಲ. ಈಗಲೂ ಸಿಗುತ್ತಾನೆ, ನಗುತ್ತಾನೆ, ಮನೆಗೆ ಕರೆಯುವುದಿಲ್ಲ. ಇಲ್ಲ ಅಂದವರಿಗೆ ಯಾವಾಗಲೂ ‘ಸದ್ಯ ಬಚಾವಾದೆ’ ಅನ್ನುವ ಸಮಾಧಾನ ಸಿಗುತ್ತೆ ಅಂದುಕೊಳ್ಳಬೇಡಿ. ಸರಿಯಾಗಿ ಕಟ್ಟುವವನಿಗೂ ಇಲ್ಲ ಅಂದಿರಬಹುದು. ಆದರೂ ಇವತ್ತು ಕೇಳಿದರೆ ಅದೇ ಉತ್ತರ ಕೊಡುತ್ತೇನೆ, ಯಾಕೆಂದರೆ ಆಗ ನನ್ನ ಸಂಬಳದಲ್ಲಿ ಆ ಕಂತು ಹೊರುವ ಶಕ್ತಿ ಇರಲಿಲ್ಲ.

ಉಡುಪಿ ಮೂಲದವರು, ಈಗ ದುಬೈ:

ಎಲ್ಲರೂ ಕೊಡುವವರ ಕಡೆಯಿಂದ ಬರೆಯುತ್ತಿದ್ದೀರಿ. ನಾನು ಕೇಳಿದವನು. ಮಗಳ ಎಂಜಿನಿಯರಿಂಗ್ ಸೀಟಿನ ಫೀಸಿಗೆ ಊರಿನಲ್ಲಿ ಸಾಲ ತೆಗೆಯಬೇಕಿತ್ತು, ಜಾಮೀನಿಗೆ ನೆಂಟರು, ಸ್ನೇಹಿತರು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಕೇಳುವುದಕ್ಕೆ ಮುಂಚೆ ಫೋನ್ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂರುತ್ತೇವೆ ಅನ್ನುವುದು ಕೇಳಿದವರಿಗೇ ಗೊತ್ತು.

ನನಗೆ ಜಾಸ್ತಿ ತೊಂದರೆ ಕೊಟ್ಟವರು ಇಲ್ಲ ಅಂದವರಲ್ಲ, ‘ನೋಡುವ’ ಅಂದವರು. ಹತ್ತಿರದ ಸಂಬಂಧಿಯೊಬ್ಬರು ‘ನೋಡುವ ಮಾರಾಯ, ನೀನು ಟೆನ್ಶನ್ ಮಾಡ್ಬೇಡ’ ಅಂದರು. ನಾನು ನಂಬಿ ಬೇರೆ ಯಾರನ್ನೂ ಕೇಳದೆ ಸುಮ್ಮನೆ ಕೂತೆ. ಫೀಸಿನ ಕೊನೆಯ ದಿನ ಹತ್ತಿರ ಬಂದಾಗ ಅವರ ಹೆಂಡತಿ ಫೋನ್ ತೆಗೆದು ‘ಅವರು ಮಲಗಿದ್ದಾರೆ’ ಅನ್ನಲು ಶುರು ಮಾಡಿದರು. ಮಧ್ಯಾಹ್ನವೂ ಮಲಗಿದ್ದಾರೆ, ಸಂಜೆಯೂ ಮಲಗಿದ್ದಾರೆ. ಇನ್ನೊಬ್ಬ ಹಳೆಯ ಕ್ಲಾಸ್‌ಮೇಟ್ ಇದ್ದ, ಅಷ್ಟೇನೂ ಆತ್ಮೀಯ ಅಲ್ಲ, ಕೇಳಿದ ದಿನವೇ ‘ನನ್ನಿಂದ ಆಗುವುದಿಲ್ಲ, ನನಗೇ ಎರಡು ಸಾಲ ಉಂಟು, ಆದರೆ ಸರ್ಕಾರಿ ಬ್ಯಾಂಕಿನಲ್ಲಿ ವಿದ್ಯಾಭ್ಯಾಸ ಸಾಲ ವಿಚಾರಿಸಿದೆಯಾ, 4 ಲಕ್ಷದವರೆಗೆ ಹೊರಗಿನವರ ಜಾಮೀನು ಬೇಡ, ತಂದೆ ತಾಯಿ ಸಹಿ ಹಾಕಿದರೆ ಸಾಕು’ ಅಂದ. ನನಗೆ ಅದು ಗೊತ್ತೇ ಇರಲಿಲ್ಲ. ಕೆಲಸ ಆದದ್ದು ಹಾಗೆಯೇ.

ಹಾಗಾಗಿ ಇಲ್ಲ ಅನ್ನುವುದಾದರೆ ಶುಕ್ರವಾರದವರೆಗೆ ಕಾಯಬೇಡಿ. ಇವತ್ತೇ ಹೇಳಿ. ಅವನಿಗೆ ಬೇರೆಯವರನ್ನು ಹುಡುಕಲು ಸಮಯ ಸಿಗಲಿ. ಹೆಂಡತಿಯ ಹೆಸರು ಹೇಳಿ ತಪ್ಪಿಸಿಕೊಳ್ಳಲೂ ಬೇಡಿ. ನನಗೆ ಒಬ್ಬ ಹಾಗೆ ಹೇಳಿದ್ದ. ಇವತ್ತಿಗೂ ಆ ಅಕ್ಕನ ಎದುರು ನಿಂತರೆ ನನಗೆ ಮುಜುಗರ. ಅವರಿಗೆ ವಿಷಯವೇ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು.

ಮೈಸೂರಿನವರು, ಲೆಕ್ಕಪತ್ರದ ಕೆಲಸ:

ಚಿಕ್ಕದಾಗಿ ಎರಡು ವಿಷಯ. ನೀವು ಮುಂದಿನ ವರ್ಷ ಮನೆ ಸಾಲ ತೆಗೆಯುವವರು. ಬ್ಯಾಂಕುಗಳ ಸಾಲಕ್ಕೆ ಜಾಮೀನು ಹಾಕಿದರೆ ಅದು ನಿಮ್ಮ ಸಿಬಿಲ್ ವರದಿಯಲ್ಲೂ, ಅಂದರೆ ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುವ ನಿಮ್ಮ ಸಾಲಗಳ ದಾಖಲೆಯಲ್ಲೂ, ಕಾಣುತ್ತದೆ. ಸಣ್ಣ ಸಂಘಗಳದ್ದು ಎಷ್ಟೋ ಸಲ ಅಲ್ಲಿಗೆ ಹೋಗುವುದಿಲ್ಲ, ಆದರೆ ಬ್ಯಾಂಕಿನವರು ಅರ್ಜಿಯಲ್ಲೇ ‘ಬೇರೆ ಯಾರಿಗಾದರೂ ಜಾಮೀನು ಇದ್ದೀರಾ’ ಅಂತ ಕೇಳುತ್ತಾರೆ. ಇದೆ ಅಂದರೆ ನಿಮಗೆ ಸಿಗುವ ಮೊತ್ತ ಕಡಿಮೆಯಾಗಬಹುದು. ಇದನ್ನು ಗೆಳೆಯನಿಗೆ ಹೇಳಬಹುದು, ನೆಪ ಅಲ್ಲ, ನಿಜವೇ.

ಎರಡನೆಯದು, ಜಾಮೀನಿನ ಬದಲು ಕೈಸಾಲ ಕೊಡೋಣ ಅಂತ ಅನಿಸಿದರೆ ನಗದು ಬೇಡ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಆದಾಯ ತೆರಿಗೆಯವರು ಹಿಡಿದರೆ ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಖಾತೆಯಿಂದ ಖಾತೆಗೆ ಹಾಕಿ. ಯಾವಾಗ ವಾಪಸ್ ಅಂತ ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಮೂರು ವರ್ಷದ ಗಡುವು ದಾಟಿದರೆ ಕೋರ್ಟಿನಲ್ಲಿ ಕೇಳುವುದು ಕಷ್ಟ.

ಮಂಡ್ಯ ಜಿಲ್ಲೆಯವರು, ಮಹಿಳಾ ಸಂಘದ ಸದಸ್ಯೆ:

ನಿಮ್ಮದು ಒಂದು ಸಹಿಯ ಮಾತು. ನಮ್ಮ ಬೀದಿಯಲ್ಲಿ ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು, ಪ್ರತಿ ವಾರ. ಮೈಕ್ರೋ ಫೈನಾನ್ಸ್ ಗುಂಪು ಸಾಲ ಅಂದರೆ ಅದೇ. ಒಬ್ಬಳು ಕಟ್ಟದಿದ್ದರೆ ಉಳಿದವರು ಕೂಡಿಸಿ ತುಂಬಬೇಕು, ಇಲ್ಲದಿದ್ದರೆ ಕಲೆಕ್ಷನ್ ಹುಡುಗ ಬೈಕ್ ನಿಲ್ಲಿಸಿಕೊಂಡು ಜಗುಲಿ ಬಿಟ್ಟು ಏಳುತ್ತಿರಲಿಲ್ಲ, ರಾತ್ರಿಯಾದರೂ.

ನಮ್ಮ ಗುಂಪಿನ ಒಬ್ಬಳ ಗಂಡ ಗಾರೆ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ. ಕಂತು ತಪ್ಪಿತು. ಅವಳು ಮುಂಬಾಗಿಲಿಗೆ ಹೊರಗಿಂದ ಬೀಗ ಹಾಕಿಸಿ ಒಳಗೆ ಕೂರುತ್ತಿದ್ದಳು. ನಾವೆಲ್ಲ ಹೋಗಿ ಬಾಗಿಲ ಮುಂದೆ ಕೂಗಾಡುತ್ತಿದ್ದೆವು. ನಮ್ಮ ಪೈಕಿ ಅತಿ ಜಾಸ್ತಿ ಬಾಯಿ ಮಾಡುತ್ತಿದ್ದವಳು ಅವಳ ಪಕ್ಕದ ಮನೆಯವಳು. ‘ಇವಳಿಂದ ನಮ್ ಮರ್ಯಾದೆ ಹೋಯ್ತು’ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿ, ಒಳಗೆ ಹೋಗಿ, ಹಿತ್ತಲ ಗೋಡೆ ಮೇಲಿಂದ ಅವಳ ಮಕ್ಕಳಿಗೆ ಮುದ್ದೆ ಸಾರು ದಾಟಿಸುತ್ತಿದ್ದಳು. ಎರಡೂ ಅವಳೇ. ಕೂಗಿದ್ದು ನಾಟಕ ಅಂತಲೂ ನನಗೆ ಅನಿಸಲಿಲ್ಲ. ನಿಜವಾಗಿಯೂ ಸಿಟ್ಟು ಬಂದಿತ್ತು, ಅವಳ ಪಾಲಿನ ದುಡ್ಡೂ ಹೋಗುತ್ತಿತ್ತಲ್ಲ. 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು ಅಂದ ಮೇಲೆ ಜಗುಲಿಯಲ್ಲಿ ಕೂರುವುದು ಕಡಿಮೆಯಾಗಿದೆ. ಸಾಲ ಮಾತ್ರ ಹಾಗೇ ಇದೆ. ಅವರಿಬ್ಬರೂ ಈಗ ಒಟ್ಟಿಗೇ ಗಾರ್ಮೆಂಟ್ಸ್ ಬಸ್ ಹತ್ತುತ್ತಾರೆ. ಆದರೆ ಇಬ್ಬರೂ ಯಾವ ಗುಂಪಿಗೂ ಸೇರಿಲ್ಲ.

ಕೇಳಿದವರು, ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಎಲೆ ಮುಂದಿನಿಂದ ಎದ್ದು ಹೋದವರ ವಿಷಯ ಓದಿ ನನ್ನ ಹೆಂಡತಿಗೂ ತೋರಿಸಿದೆ. ಒಂದು ಸಂಶಯ. ಅವನಿಂದ ನನ್ನ ಹೆಸರಿಗೆ ಒಂದು ಚೆಕ್ ಬರೆಸಿ ಇಟ್ಟುಕೊಂಡು ಜಾಮೀನು ಹಾಕಿದರೆ? ಅವನೇ ‘ಬೇಕಾದ್ರೆ ಚೆಕ್ ಕೊಡ್ತೀನಿ’ ಅಂದಿದ್ದಾನೆ.

ಶಿವಮೊಗ್ಗ ಕಡೆಯವರು:

ಚೆಕ್ಕಿನಿಂದ ಸ್ವಲ್ಪ ಬಲ ಬರುತ್ತದೆ, ನಿಶ್ಚಿಂತೆ ಬರುವುದಿಲ್ಲ. ತಾರೀಕು ಹಾಕಿದ ಚೆಕ್ ಮೂರೇ ತಿಂಗಳು ನಡೆಯುತ್ತದೆ. ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು, ಅದು ಮುಟ್ಟಿದ ಮೇಲೆ ಅವನಿಗೆ 15 ದಿನ ಕಾಲಾವಕಾಶ, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ಅದೂ ನೀವು ಅವನ ಪರವಾಗಿ ನಿಜವಾಗಿ ಕಟ್ಟಿದ ಮೇಲೆ. ಅಷ್ಟು ದೂರ ಹೋಗುವ ಮನಸ್ಸು ನಿಮಗಿದೆಯಾ? ಆಸ್ಪತ್ರೆಯಲ್ಲಿ ಬಂದು ಕೂತವನ ಮೇಲೆ ಚೆಕ್ ಕೇಸು ಹಾಕುವವರ ಹಾಗೆ ನೀವು ಕಾಣುವುದಿಲ್ಲ. ಹಾಕಲಾಗದಿದ್ದರೆ ಆ ಚೆಕ್ ಸುಮ್ನೆ ಬೀರುವಿನಲ್ಲಿ ಇರುತ್ತದೆ.

ಹಾಗೂ ಹಾಕುತ್ತೇನೆ ಅಂದರೆ, ಸಹಿಗೆ ಮುಂಚಿನ ದಿನ ಒಬ್ಬರೇ ಹೋಗಿ ಪತ್ರ ಓದಿ. ಗೆಳೆಯ ಜೊತೆಯಲ್ಲಿ ಬೇಡ. ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ನೀವು ಕಟ್ಟುವ ಹಾಗಾದರೆ ನಿಮ್ಮ ಹೆಸರಿಗೇ ರಸೀದಿ ತೆಗೆಸಿ, ಆ ದುಡ್ಡನ್ನು ಅವನಿಂದ ಕೇಳುವ ಹಕ್ಕು ನಿಮಗೆ ಕಾನೂನಿನಲ್ಲಿ ಇದೆ, ಕಟ್ಟಿದ ದಿನದಿಂದ ಮೂರು ವರ್ಷ.

ಕೇಳಿದವರು, ತುಮಕೂರಿನಿಂದ:

ಇವತ್ತೇ ಮಾತಾಡಿದೆ. ಕ್ಯಾಂಟೀನಿನಲ್ಲಿ ಬೇಡ ಅಂತ ಸ್ಟ್ಯಾಂಡಿನವರೆಗೆ ನಡೆದುಕೊಂಡು ಹೋಗಿ ಹೇಳಿದೆ, ಮನೆ ಸಾಲದ ವಿಷಯವೇ ಹೇಳಿದೆ, ಹೆಂಡತಿಯ ಹೆಸರು ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಪರವಾಗಿಲ್ಲ ಬಿಡು’ ಅಂದ. ಆಮೇಲೆ ಅವನೇ ಹೇಳಿದ, ಈಗಾಗಲೇ ಇನ್ನೊಂದು ಕಡೆ ಒಂದು ಸಾಲ ನಡೀತಿದೆಯಂತೆ. ಅದು ನನಗೆ ಗೊತ್ತಿರಲಿಲ್ಲ. ಸಂಘದಲ್ಲಿ 3 ಲಕ್ಷ ಮಾತ್ರ ತೆಗೆದು ಉಳಿದಿದ್ದಕ್ಕೆ ಅತ್ತಿಗೆಯ ಬಳೆ ಅಡ ಇಡುವ ಯೋಚನೆ ಇದೆಯಂತೆ. ಚಿನ್ನದ ಸಾಲಕ್ಕೆ ಜಾಮೀನು ಕೇಳ್ತಾರಾ?

ಶಿವಮೊಗ್ಗ ಕಡೆಯವರು:

ಕೇಳುವುದಿಲ್ಲ, ಒಡವೆಯೇ ಜಾಮೀನು. ತೂಕದ ಚೀಟಿ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಗಡುವು ಎಂದು, ಹರಾಜಿನ ನೋಟಿಸು ಯಾವ ವಿಳಾಸಕ್ಕೆ ಬರುತ್ತದೆ ಅಂತ ಅವತ್ತೇ ಕೇಳಿಕೊಳ್ಳಲಿ. ಮತ್ತೆ 3 ಲಕ್ಷಕ್ಕೆ ಸಂಘದವರು ಒಬ್ಬರೇ ಜಾಮೀನು ಸಾಕು ಅಂದರೂ ಅನ್ನಬಹುದು, ಮ್ಯಾನೇಜರನ್ನು ಒಂದು ಮಾತು ಕೇಳಲಿ.