ಸಾಕು ಇಲಿಗಳ ಮರಿ ಮಾಡಿಸುವ ಮೊದಲು: ಮೈಸೂರು, ಮಂಡ್ಯದವರ ಅನುಭವ

ಕೇಳಿದವರು: ಕುವೆಂಪುನಗರ, ಮೈಸೂರು

ನಮ್ಮ ಮನೆಯಲ್ಲಿ ಎರಡು ಹೆಣ್ಣು ಸಾಕು ಇಲಿಗಳಿವೆ. ಒಂದು ಪೂರ್ತಿ ಬಿಳಿ, ಇನ್ನೊಂದಕ್ಕೆ ತಲೆ ಮತ್ತು ಬೆನ್ನು ಕಪ್ಪು. ಎರಡೂ ತುಂಬಾ ಸಾಧು. ಮನೆಗೆ ಬಂದ ಗೆಳೆಯರೆಲ್ಲ ನೋಡಿ "ನಮಗೂ ಒಂದು ಜೋಡಿ ಬೇಕು" ಅನ್ನುತ್ತಾರೆ. ಒಂದು ಗಂಡು ತಂದು ಸಣ್ಣ ಮಟ್ಟದಲ್ಲಿ ಮರಿ ಮಾಡಿಸೋಣ ಅಂತ ಆಸೆ. ಲಾಭ ಬೇಡ, ಖರ್ಚು ಹುಟ್ಟಿದರೆ ಸಾಕು. ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ. ಎಲ್ಲಿಂದ ಶುರು ಮಾಡಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸರಸ್ವತಿಪುರಂ, ಮೈಸೂರು

ಗಂಡು ತರುವ ಮೊದಲು ಮರಿಗಳಿಗೆ ಮನೆ ಹುಡುಕಿ. ನನ್ನ ಮುಖ್ಯ ಮಾತು ಇದೇ. ಮರಿ ಹುಟ್ಟಿಸುವುದು ಕಷ್ಟವೇ ಅಲ್ಲ, ಗಂಡು ಹೆಣ್ಣು ಒಂದೇ ಗೂಡಿನಲ್ಲಿದ್ದರೆ ತಾನಾಗಿಯೇ ಆಗುತ್ತದೆ. ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ನಿಂತರೆ 21ರಿಂದ 23 ದಿನಕ್ಕೆ ಮರಿ. ಒಂದು ಸಲಕ್ಕೆ ಎಂಟು, ಹತ್ತು, ಹನ್ನೆರಡು ಮರಿ ಸಾಮಾನ್ಯ. ಅದರಲ್ಲಿ ಸುಮಾರು ಅರ್ಧ ಗಂಡು. ಐದು ವಾರಕ್ಕೇ ಆ ಗಂಡುಗಳು ತಾಯಿಯನ್ನೂ ಅಕ್ಕತಂಗಿಯರನ್ನೂ ಗಬ್ಬ ಮಾಡಬಲ್ಲವು. ಹಾಗಾಗಿ ಆ ಹೊತ್ತಿಗೆ ನಿಮ್ಮ ಹತ್ತಿರ ಇನ್ನೊಂದು ದೊಡ್ಡ ಗೂಡು ಸಿದ್ಧ ಇರಲೇಬೇಕು. ಒಂದು ಜೋಡಿ ಅಂತ ಶುರು ಮಾಡಿ ಎರಡು ತಿಂಗಳಲ್ಲಿ ಹದಿನೈದು ಇಲಿ ಸಾಕುವ ಸ್ಥಿತಿಗೆ ಬಂದವರು ನಮ್ಮ ಮೈಸೂರಿನಲ್ಲೇ ಇದ್ದಾರೆ.

"ನಮಗೂ ಬೇಕು" ಅಂದ ಗೆಳೆಯರನ್ನು ಈಗಲೇ ಮತ್ತೆ ಕೇಳಿ. ಮನೆಯ ಹಿರಿಯರು ಒಪ್ಪಿದ್ದಾರಾ? ಜೋಡಿಯಾಗಿಯೇ ತಗೊಳ್ತಾರಾ? ಇಲಿ ಒಂಟಿಯಾಗಿ ಇರಲಾರದ ಪ್ರಾಣಿ, ಒಂದೇ ಒಂದನ್ನು ನಾನು ಯಾರಿಗೂ ಕೊಡುವುದಿಲ್ಲ. ಗಂಡು ಮರಿಗಳನ್ನು ಯಾರು ತಗೊಳ್ತಾರೆ? ಈ ಪ್ರಶ್ನೆಗಳಾದ ಮೇಲೆ ಪಟ್ಟಿ ಚಿಕ್ಕದಾಗುತ್ತದೆ. ಉಳಿದ ಅಷ್ಟೂ ಮರಿಗಳನ್ನು ಎರಡು ಮೂರು ವರ್ಷ, ಅಂದರೆ ಅವುಗಳ ಜೀವಮಾನ ಪೂರ್ತಿ, ನೀವೇ ನೋಡಿಕೊಳ್ಳುವ ಧೈರ್ಯ ಇದ್ದರೆ ಮಾತ್ರ ಮುಂದುವರಿಯಿರಿ. ಖರ್ಚು ಹುಟ್ಟುವ ಲೆಕ್ಕ ಬಿಟ್ಟುಬಿಡಿ. ಗೂಡು, ಆಹಾರ, ಡಾಕ್ಟರು ಸೇರಿದರೆ ಅದು ಹುಟ್ಟುವುದಿಲ್ಲ.

ನಿಮ್ಮ ಹೆಣ್ಣುಗಳ ವಯಸ್ಸು ಹೇಳಿಲ್ಲ. ಮೊದಲ ಸಲ ಗಬ್ಬ ನಿಲ್ಲಿಸಲು ನಾಲ್ಕರಿಂದ ಆರು ತಿಂಗಳು ಒಳ್ಳೆಯ ಕಾಲ. ಒಮ್ಮೆಯೂ ಮರಿ ಹಾಕದೆ ಎಂಟು ಒಂಬತ್ತು ತಿಂಗಳು ದಾಟಿದ ಹೆಣ್ಣಿಗೆ ಹೆರಿಗೆ ಕಷ್ಟವಾಗಬಹುದು. ಅಂಥದ್ದನ್ನು ಸುಮ್ನೆ ಸಾಕಿಕೊಳ್ಳಿ, ಮರಿ ಬೇಡ. ಬಣ್ಣ ನೋಡಿ ಜೋಡಿ ಮಾಡಬೇಡಿ. ಕಚ್ಚುವ ಇಲಿ, ಪದೇ ಪದೇ ಸೀನುವ ಇಲಿ ಎಷ್ಟೇ ಚೆಂದ ಇದ್ದರೂ ಬೇಡ. ಮುಖದ ಮೇಲೆ ಬಿಳಿ ಪಟ್ಟಿ ಇರುವ ಇಲಿಗಳ ಕೆಲವು ವಂಶಗಳಲ್ಲಿ ದೊಡ್ಡ ಕರುಳು ಕೆಲಸ ಮಾಡದೆ ಹೊಟ್ಟೆ ಊದಿಕೊಂಡು ಮರಿ ಸಾಯುವ ಕಾಯಿಲೆ ಇದೆ. ಗಂಡಿನ ಅಪ್ಪ ಅಮ್ಮ ಯಾವುದು, ಒಡಹುಟ್ಟಿದವು ಹೇಗಿವೆ ಅಂತ ಹೇಳಲು ಆಗದವರ ಹತ್ತಿರ ತರಬೇಡಿ.

ಹೊಟ್ಟೆ ಕಾಣಿಸಿಕೊಳ್ಳುವುದು ಎರಡನೇ ವಾರದ ಕೊನೆಗೆ. ಅಷ್ಟರಲ್ಲಿ ಗಂಡನ್ನು ಬೇರೆ ಗೂಡಿಗೆ ಹಾಕಿ. ಇದನ್ನು ಮುಂದೂಡಬೇಡಿ, ಯಾಕೆಂದರೆ ಮರಿ ಹಾಕಿದ ಒಂದು ದಿನದೊಳಗೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಮೊಲೆ ಕೊಡುತ್ತಲೇ ಇನ್ನೊಂದು ಗಬ್ಬ ಹೊರಬೇಕು. ತಾಯಿ ಸೋತುಹೋಗುತ್ತದೆ, ಮರಿಗಳೂ ಬಡವಾಗುತ್ತವೆ.

ಬಾಣಂತಿ ಗೂಡಿಗೆ ಸರಳು ಗೂಡು ಬೇಡ. ಎರಡು ಬದಿ ಕತ್ತರಿಸಿ ಸಣ್ಣ ಕಣ್ಣಿನ ಜಾಲರಿ ಹಾಕಿದ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಾಕು. ದೊಡ್ಡ ಇಲಿ ನುಸುಳದ ಅರ್ಧ ಇಂಚಿನ ಸಂದಿಯಲ್ಲಿ ಮೂರು ವಾರದ ಮರಿ ಆರಾಮಾಗಿ ಹೊರಬರುತ್ತದೆ. ಹಾಸಲು ಚೂರು ಮಾಡಿದ ಕಾಗದ, ಹಳೆ ಕಾಟನ್ ಬಟ್ಟೆ. ಸಾಮಿಲ್‌ನಿಂದ ತಂದ ಮರದ ಪುಡಿ ಹಾಕಬೇಡಿ. ಯಾವ ಮರ ಅಂತ ಗೊತ್ತಿರುವುದಿಲ್ಲ, ಧೂಳು ಜಾಸ್ತಿ, ಪೈನ್ ಮತ್ತು ಸೀಡರ್ ಅಂತೂ ಇಲಿಯ ಶ್ವಾಸಕ್ಕೆ ಒಳ್ಳೆಯದಲ್ಲ.

ಹೆರಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹೊಟ್ಟೆ ಹಿಂಡುತ್ತಾ, ರಕ್ತ ಹೋಗುತ್ತಾ, ಎರಡು ಗಂಟೆ ಕಳೆದರೂ ಮರಿ ಬರಲಿಲ್ಲ ಅಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ. ಎಲ್ಲ ಸರಿ ಇದ್ದರೆ ಆ ದಿನ ಗೂಡು ಕೆದಕಬೇಡಿ. ತಾಯಿ ನೀರಿಗೋ ಊಟಕ್ಕೋ ಎದ್ದಾಗ ಒಂದು ಸಲ ಇಣುಕಿ ಸತ್ತದ್ದು ಇದ್ದರೆ ತೆಗೆದುಬಿಡಿ. ಹುಟ್ಟಿದ ಮರಿ ಸುಲಿದ ಕಡಲೆಕಾಯಿ ಬೀಜದಂತೆ ಗುಲಾಬಿಯಾಗಿ, ಐದಾರು ಗ್ರಾಂ ತೂಗುತ್ತದೆ. ಕಣ್ಣು, ಕಿವಿ ಎರಡೂ ಮುಚ್ಚಿರುತ್ತವೆ. ಚರ್ಮ ಎಷ್ಟು ತೆಳು ಅಂದರೆ ಕುಡಿದ ಹಾಲು ಹೊರಗಿನಿಂದಲೇ ಕಾಣುತ್ತದೆ, ಹೊಟ್ಟೆಯ ಎಡಗಡೆ ಬೆಳ್ಳಗೆ ಒಂದು ಪಟ್ಟಿ. ನಾನು ದಿನಾ ಮೊದಲು ನೋಡುವುದು ಅದನ್ನೇ. ಎಲ್ಲದರಲ್ಲೂ ಆ ಪಟ್ಟಿ ಇದ್ದರೆ ಚಿಂತೆ ಇಲ್ಲ. ಒಂದೇ ಮರಿಯಲ್ಲಿ ಇಲ್ಲದಿದ್ದರೆ ಉಳಿದವನ್ನು ಸ್ವಲ್ಪ ಹೊತ್ತು ಬೆಚ್ಚಗೆ ಪಕ್ಕಕ್ಕಿಟ್ಟು ಇದಕ್ಕೆ ಮೊಲೆ ಸಿಗುವಂತೆ ಮಾಡುತ್ತೇನೆ.

ಗಂಡು ಹೆಣ್ಣು ಗುರುತಿಸಲು ಎಂಟರಿಂದ ಹತ್ತನೇ ದಿನ ಒಳ್ಳೆಯದು. ರೋಮ ಆಗ ತಾನೇ ಚಿಗುರುತ್ತಿರುತ್ತದೆ. ಮರಿಯನ್ನು ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿದರೆ ಹೆಣ್ಣಿನ ಹೊಟ್ಟೆಯ ಮೇಲೆ ಎರಡು ಸಾಲು ಸಣ್ಣ ಚುಕ್ಕೆ ಕಾಣುತ್ತದೆ, ಒಟ್ಟು ಹನ್ನೆರಡು ಮೊಲೆ. ಗಂಡಿಗೆ ಇರುವುದಿಲ್ಲ. ಇನ್ನು ನಾಲ್ಕು ದಿನ ಬಿಟ್ಟರೆ ರೋಮ ಮುಚ್ಚಿಬಿಡುತ್ತದೆ. ಅವತ್ತೇ ಪುಸ್ತಕದಲ್ಲಿ ಬರೆದಿಡಿ, ಐದನೇ ವಾರ ಬೇರೆ ಮಾಡುವಾಗ ಗೊಂದಲ ಇರುವುದಿಲ್ಲ. ಕಣ್ಣು ಬಿಡುವುದು ಎರಡು ವಾರಕ್ಕೆ. ಅಲ್ಲಿಂದ ಮುಂದೆ ದಿನಾ ಕೈಯಲ್ಲಿ ಹಿಡಿದು ಆಡಿಸಿ. ಹೊಸ ಮನೆಗೆ ಆರು ವಾರದ ಮೊದಲು ಕಳಿಸಬೇಡಿ.

ಊಟ: ಉಪ್ಪಿಲ್ಲದ ರಾಗಿ ಮುದ್ದೆ, ಗೋಧಿ ನುಚ್ಚು, ಬೇಯಿಸಿದ ಬೇಳೆ, ಸೊಪ್ಪು, ಸೌತೆಕಾಯಿ. ಬಾಣಂತಿಗೆ ಬೇಯಿಸಿದ ಮೊಟ್ಟೆ. ಬೇಯಿಸದ ಒಣ ಕಾಳು ಕೊಡಬೇಡಿ. ನೀರಿನ ಬಾಟಲಿಯ ತುದಿ ದಿನಾ ಒತ್ತಿ ನೋಡಿ. ನೀರು, ಪ್ರೋಟೀನು ಸಾಲದೆ ಹೋದರೆ, ಭಯ ಬಿದ್ದರೆ ತಾಯಿ ಮರಿಯನ್ನೇ ತಿನ್ನಬಹುದು. ತಾಯಿಯನ್ನು ಬೈದು ಪ್ರಯೋಜನ ಇಲ್ಲ.

ಗುತ್ತಲು, ಮಂಡ್ಯ

ಮೇಲಿನವರು ಮರಿಗಳ ವಿಷಯ ಚೆನ್ನಾಗಿ ಹೇಳಿದ್ದಾರೆ. ನಾನು ಸೆಕೆ ಮತ್ತು ಹೊಲದ ಇಲಿ, ಈ ಎರಡರ ಬಗ್ಗೆ ಹೇಳುತ್ತೇನೆ.

"ಮಹಡಿ ಮೇಲೆ ಖಾಲಿ ಕೋಣೆ" ಅಂದಿರಿ. ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆ ಮಾರ್ಚ್‌ನಿಂದ ಮೇ ತನಕ ಇಲಿಗೆ ಅಪಾಯ. ಇಲಿ ನಮ್ಮಂತೆ ಬೆವರುವುದಿಲ್ಲ, ಮೈಯ ಬಿಸಿಯನ್ನು ಮುಖ್ಯವಾಗಿ ಬಾಲದಿಂದ ಹೊರಹಾಕುತ್ತದೆ. 18ರಿಂದ 24 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ, ಬಸುರಿ ಇಲಿಗೆ ಇನ್ನೂ ಕಷ್ಟ. ಸೆಕೆಗೆ ಗಂಡಿನ ಫಲವತ್ತತೆಯೂ ತಗ್ಗುತ್ತದೆ. ಆದ್ದರಿಂದ ನಾನು ಬೇಸಿಗೆಯಲ್ಲಿ ಜೋಡಿ ಬಿಡುವುದೇ ಇಲ್ಲ. ಮಳೆ ಹಿಡಿದು ಹವಾ ತಣ್ಣಗಾದ ಮೇಲೆ, ಅಥವಾ ದಸರಾ ಕಳೆದ ಮೇಲೆ. ಹೇಗಿದ್ದರೂ ಗೂಡು ಕೆಳಗಿನ ಮನೆಯಲ್ಲಿ, ನೆಲದ ಹತ್ತಿರ, ಬಿಸಿಲು ಬೀಳದ ಕಡೆ ಇರಲಿ.

ಮಣ್ಣಿನ ಕುಡಿಕೆಗೆ ಪಕ್ಕದಲ್ಲಿ ತೂತು ಮಾಡಿಸಿ ಬೋರಲು ಹಾಕಿ ಕೊಡಿ. ಹೊರಗೆ ಸ್ವಲ್ಪ ನೀರು ಚಿಮುಕಿಸಿದರೆ ಒಳಗೆ ತಂಪಾಗಿರುತ್ತದೆ, ಮಧ್ಯಾಹ್ನವೆಲ್ಲ ಅಲ್ಲೇ ಮಲಗುತ್ತವೆ. ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೂ ಆಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ಕಾಲು ಚಾಚಿ ಬಿದ್ದಿದ್ದರೆ ಬಾಲ, ಪಾದಕ್ಕೆ ಸಾದಾ ನೀರು ಹಚ್ಚಿ ಗಾಳಿ ಬೀಸಿ. ಐಸ್ ನೀರಲ್ಲಿ ಮುಳುಗಿಸಬೇಡಿ.

ಇನ್ನು ನಮ್ಮ ಕಡೆ ಭತ್ತ, ಕಬ್ಬು ಕಟಾವಾದ ಕೂಡಲೇ ಹೊಲದ ಇಲಿಗಳು ಮನೆ ಕಡೆ ಬರುತ್ತವೆ. ಅವುಗಳ ಉಚ್ಚೆಯಲ್ಲಿ ಇಲಿ ಜ್ವರದ ರೋಗಾಣು ಇರಬಹುದು. ನಿಮ್ಮ ಇಲಿಗೆ ತಗುಲಿದರೆ ಅದರಿಂದ ನಿಮಗೆ, ಮಕ್ಕಳಿಗೆ. ಹೀಗಾಗಿ ಹುಲ್ಲು ಸಿಗುತ್ತದೆ ಅಂತ ಬಣವೆಯಿಂದ ತಂದು ಹಾಸಬೇಡಿ. ಅದರ ಮೇಲೆ ಹೊಲದ ಇಲಿ ಓಡಾಡಿರುತ್ತದೆ, ಹುಳವೂ ಬರುತ್ತದೆ. ಕಾಳು ಕಡ್ಡಿ ಮುಚ್ಚಳ ಇರುವ ಸ್ಟೀಲ್ ಡಬ್ಬದಲ್ಲಿರಲಿ, ರಾತ್ರಿ ಚೆಲ್ಲಿದ್ದನ್ನು ಬೆಳಿಗ್ಗೆ ಗುಡಿಸಿ. ಗೂಡು ತೊಳೆಯುವಾಗ ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿ. ಮತ್ತೆ ಅಕ್ಕಪಕ್ಕದವರು ಪಾಷಾಣ ಇಡುವಾಗ ನಿಮಗೊಂದು ಮಾತು ಹೇಳುವಂತೆ ಕೇಳಿಕೊಂಡಿರಿ. ತಪ್ಪಿಸಿಕೊಂಡ ಸಾಕು ಇಲಿಗೆ ಪಾಷಾಣ ಯಾವುದು, ಊಟ ಯಾವುದು ತಿಳಿಯುವುದಿಲ್ಲ.

ಮಿಕ್ಕ ಮರಿಗಳನ್ನು ಗದ್ದೆ ಬಯಲಿಗೆ ಬಿಟ್ಟರೆ ಬದುಕಿಕೊಳ್ಳುತ್ತವೆ ಅನ್ನುವವರಿದ್ದಾರೆ. ಬದುಕುವುದಿಲ್ಲ. ಬಿಳಿ ಇಲಿಗೆ ದೃಷ್ಟಿಯೇ ಮಂದ, ಅಡಗುವ ಬಣ್ಣವೂ ಅಲ್ಲ. ಕಾಗೆ, ಬೆಕ್ಕು, ಕೇರೆ ಹಾವು ಒಂದು ದಿನವೂ ಬಿಡುವುದಿಲ್ಲ. ಸಾಕಿದವರು ಮಾಡುವ ಕೆಲಸ ಅಲ್ಲ ಅದು.

ವಿಜಯನಗರ, ಮೈಸೂರು

ನೆರೆಹೊರೆ ಮತ್ತು ಕಾನೂನಿನ ಬಗ್ಗೆ ಯಾರೂ ಹೇಳಲಿಲ್ಲ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಆಮೇಲೆ ಗೊತ್ತಾದರೆ ಜಗಳ ದೊಡ್ಡದಾಗುತ್ತದೆ. ಹಿರಿಯರು "ಪ್ಲೇಗ್ ಬರುತ್ತೆ" ಅಂದರೆ ನಗಬೇಡಿ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ಊರಿಗೆ ಊರೇ ಖಾಲಿ ಮಾಡಿ ಗುಡಿಸಲು ಹಾಕಿಕೊಂಡು ಇದ್ದವರ ಮೊಮ್ಮಕ್ಕಳು ಅವರು. 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಗಿ ಅಗಲ ರಸ್ತೆ, ಹೊಸ ಬಡಾವಣೆ ಬಂದದ್ದರ ಹಿಂದೆಯೂ ಪ್ಲೇಗಿನ ನೆನಪಿದೆ. ಆ ಭಯಕ್ಕೆ ಕಾರಣ ಇತ್ತು. ಪ್ಲೇಗ್ ಹರಡಿದ್ದು ಮನೆಗಳಿಗೆ ನುಗ್ಗುವ, ಯಾರೂ ಸಾಕದ ಇಲಿಗಳ ಮೈಮೇಲಿನ ಚಿಗಟದಿಂದ, ಹೊರಗಿನ ಇಲಿಯ ಸಂಪರ್ಕವೇ ಇಲ್ಲದೆ ಗೂಡಿನಲ್ಲಿ ಬೆಳೆದ ಸಾಕು ಇಲಿಯ ವಿಷಯ ಬೇರೆ ಅಂತ ಸಮಾಧಾನವಾಗಿ ಹೇಳಿ. ಇಂಗ್ಲೆಂಡಿನಲ್ಲಿ 1901ರಲ್ಲೇ ಸಾಕು ಇಲಿಗಳ ಪ್ರದರ್ಶನ ನಡೆದಿತ್ತು, ಅಷ್ಟು ಹಳೆಯ ಸಾಕಣೆ ಇದು. ಕೈಯಲ್ಲಿ ಹಿಡಿದು ತೋರಿಸಿದರೆ ಅರ್ಧ ಕೆಲಸ ಆಗುತ್ತದೆ. ಉಳಿದರ್ಧ ವಾಸನೆ ಬರದಂತೆ ನೋಡಿಕೊಳ್ಳುವುದು.

2018ರ ಪೆಟ್ ಶಾಪ್ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಜೊತೆಗೆ ಇಲಿಯ ಹೆಸರೂ ಇದೆ. ಸಾಕುಪ್ರಾಣಿ ಮಾರುವ ಜಾಗಕ್ಕೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ಮನೆಯಿಂದ ದುಡ್ಡಿಗೆ ಮಾರುವ ಯೋಚನೆ ಇದ್ದರೆ ಪಶು ವೈದ್ಯಕೀಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ನಾನು ಮಾರುವುದಿಲ್ಲ. ಪರಿಚಯದವರಿಗೆ ಕೊಡುತ್ತೇನೆ, ಅವರ ಮನೆಗೆ ಹೋಗಿ ಗೂಡು ನೋಡಿ ಬಂದು ಕೊಡುತ್ತೇನೆ.

ಇನ್ನೊಂದು. "ಎಷ್ಟಿದ್ದರೂ ಕೊಡಿ, ಗಂಡು ಹೆಣ್ಣು ಯಾವುದಾದರೂ ಸರಿ" ಅಂತ ಫೋನ್ ಮಾಡುವವರು ಬರುತ್ತಾರೆ. ಹೆಸರಿಟ್ಟು ಸಾಕಲು ಅಲ್ಲ, ಹಾವಿಗೆ ಹಾಕಲು. ಮನೆ ಎಲ್ಲಿ, ಗೂಡು ಹೇಗಿದೆ ಅಂತ ಎರಡು ಪ್ರಶ್ನೆ ಕೇಳಿ, ತಿಳಿದುಬಿಡುತ್ತದೆ. ನೀವು ಕೈಯಾರೆ ಬೆಳೆಸಿದ ಮರಿಗಳು, ಯಾರಿಗೆ ಕೊಡಬೇಕು ಅನ್ನುವುದು ನಿಮ್ಮ ಹಕ್ಕು.

ಕೇಳಿದವರು: ಕುವೆಂಪುನಗರ

ಎಲ್ಲರಿಗೂ ಧನ್ಯವಾದ. ಹೆಣ್ಣುಗಳಿಗೆ ಈಗ ಐದು ತಿಂಗಳು. ಕೋಣೆ ಬದಲಿಸುತ್ತೇನೆ, ಗೆಳೆಯರನ್ನೂ ಮತ್ತೆ ಕೇಳುತ್ತೇನೆ. ಇನ್ನೊಂದೇ ಪ್ರಶ್ನೆ. ಗಂಡು ಸಿಕ್ಕಿದರೆ ತಂದ ದಿನವೇ ಜೊತೆ ಬಿಡಬಹುದಾ?

ಸರಸ್ವತಿಪುರಂ, ಮೈಸೂರು

ಬೇಡ. ಎರಡು ಮೂರು ವಾರ ಬೇರೆ ಕೋಣೆಯಲ್ಲಿಡಿ. ಮೊದಲು ನಿಮ್ಮ ಹಳೆಯವಕ್ಕೆ ಊಟ ಹಾಕಿ, ಆಮೇಲೆ ಹೊಸದಕ್ಕೆ, ಕೈ ತೊಳೆದುಕೊಳ್ಳಿ. ಸಾಕು ಇಲಿಗಳನ್ನು ಜಾಸ್ತಿ ಕೊಲ್ಲುವುದು ಶ್ವಾಸಕೋಶದ ಕಾಯಿಲೆ. ಮೈಕೋಪ್ಲಾಸ್ಮಾ ಅನ್ನುವ ರೋಗಾಣು ಬಹುಪಾಲು ಇಲಿಗಳಲ್ಲಿ ಇದ್ದೇ ಇರುತ್ತದೆ. ಗೂಡಿನಲ್ಲಿ ಉಚ್ಚೆಯ ಅಮೋನಿಯ ವಾಸನೆ ತುಂಬಿದರೆ, ಇಲಿ ಬಳಲಿದರೆ ಅದು ಕೆರಳುತ್ತದೆ. ತಾಯಿಯಿಂದ ಮರಿಗೂ ಹೋಗುತ್ತದೆ.

ದಿನಾ ರಾತ್ರಿ ಮನೆ ಸದ್ದಡಗಿದ ಮೇಲೆ ಹೊಸ ಇಲಿಯನ್ನು ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿ. ಶಬ್ದವೇ ಇರಬಾರದು. ಗೊರಗೊರ, ಕಿರ್ ಕಿರ್ ಅಂದರೆ ಜೋಡಿಯ ಮಾತು ಬಿಡಿ. ಕಣ್ಣು ಮೂಗಿನ ಸುತ್ತ ಕೆಂಪಗೆ ಒಣಗಿದ್ದು ಕಂಡರೆ ರಕ್ತ ಅಂತ ಗಾಬರಿಯಾಗಬೇಡಿ, ಅದು ಪೋರ್ಫಿರಿನ್ ಅನ್ನುವ ಬಣ್ಣದ ದ್ರವ. ಆದರೆ ದಿನಾ ಕಾಣುತ್ತಿದ್ದರೆ ಆರೋಗ್ಯ ಸರಿ ಇಲ್ಲ ಅಂತಲೇ ಅರ್ಥ. ಹೊಸ ಜಾಗಕ್ಕೆ ಬಂದ ಇಲಿ ಎರಡು ದಿನ ಸೀನುವುದು ಸಹಜ, ವಾರ ದಾಟಿದರೆ ತೋರಿಸಬೇಕು.

ಡಾಕ್ಟರನ್ನು ಇವತ್ತೇ ಹುಡುಕಿಟ್ಟುಕೊಳ್ಳಿ. ದನ, ನಾಯಿ ನೋಡುವವರೆಲ್ಲ ಇಲಿ ನೋಡುವುದಿಲ್ಲ. ಫೋನ್ ಮಾಡಿ ಮೂರು ವಿಷಯ ಕೇಳಿ. ಇಲಿ ನೋಡುತ್ತೀರಾ? ಹೆರಿಗೆ ಕಷ್ಟವಾದರೆ ಆಪರೇಷನ್ ಮಾಡುತ್ತೀರಾ? ರಾತ್ರಿ ಸಿಗುತ್ತೀರಾ? ಮೂರಕ್ಕೂ ಹೌದು ಅನ್ನುವವರು ಸಿಗುವ ತನಕ ಗಂಡಿಗೆ ಅಡ್ವಾನ್ಸ್ ಕೊಡಬೇಡಿ. ಅಂಗಡಿಯಿಂದ ಇನ್ನೊಂದು ಹೆಣ್ಣು ತರುವ ಮನಸ್ಸಾದರೆ ಇದೂ ನೆನಪಿರಲಿ: ಅಲ್ಲಿ ಗಂಡು ಹೆಣ್ಣು ಒಟ್ಟಿಗೇ ಇಟ್ಟಿರುವುದುಂಟು, ಎಷ್ಟೋ ಹೆಣ್ಣುಗಳು ಗಬ್ಬವಾಗಿಯೇ ಮನೆಗೆ ಬರುತ್ತವೆ. ತಂದ ಮೇಲೆ 23 ದಿನ ಕಾಯ್ದು ನೋಡಿ.