ಸಹಾಯ ಬೇಕು: ಮುಚ್ಚಿರುವ ತರಬೇತಿ ಕೇಂದ್ರದಿಂದ ಟ್ರಾನ್ಸ್‌ಕ್ರಿಪ್ಟ್ ಪಡೆಯುವ ಕುರಿತು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ 2017ರಲ್ಲಿ ಹುಬ್ಬಳ್ಳಿಯ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಒಂದು ವರ್ಷದ ಅಕೌಂಟಿಂಗ್ ಡಿಪ್ಲೊಮಾ ಮುಗಿಸಿದ್ದು, ಈಗ ಅವಳು ಅರ್ಜಿ ಹಾಕಿರುವ ಕೆನಡಾದ ಕಾಲೇಜು, ವಿಷಯವಾರು ಅಂಕಗಳು, ಬೋಧನೆಯ ಗಂಟೆಗಳು ಮತ್ತು ಗ್ರೇಡ್ ನೀಡುವ ಕ್ರಮವನ್ನು ತೋರಿಸುವ ಟ್ರಾನ್ಸ್‌ಕ್ರಿಪ್ಟನ್ನು ಸಂಸ್ಥೆಯೇ ಮೊಹರು ಮಾಡಿದ ಲಕೋಟೆಯಲ್ಲಿ ನೇರವಾಗಿ ಕಳುಹಿಸಬೇಕೆಂದು ಕೇಳಿದೆ. ನಮ್ಮಲ್ಲಿರುವುದು ಪ್ರಮಾಣಪತ್ರ ಮತ್ತು ಶುಲ್ಕದ ರಸೀದಿಗಳು ಮಾತ್ರ; ಅಂಕಪಟ್ಟಿಯನ್ನು ಆಗ ಕೊಟ್ಟಿರಲೇ ಇಲ್ಲ. ಕಳೆದ ವಾರ ಗದಗದಿಂದ ಹೋಗಿ ನೋಡಿದಾಗ ಕೇಂದ್ರ ಮುಚ್ಚಿತ್ತು, ಬೆಂಗಳೂರಿನ ಪ್ರಧಾನ ಕಚೇರಿಗೆ ಬರೆದ ಮೂರು ಇಮೇಲ್‌ಗಳಿಗೂ ಉತ್ತರ ಬಂದಿಲ್ಲ. ವಿಶ್ವವಿದ್ಯಾಲಯವಾಗಿದ್ದರೆ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಬಹುದಿತ್ತು. ಸರ್ಕಾರದ ನೆರವಿಲ್ಲದ ಖಾಸಗಿ ಸಂಸ್ಥೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನೇರವಾಗಿ ಅರ್ಜಿ ಹಾಕುವಂತೆಯೂ ಇಲ್ಲ. ಇಂಥ ಕೇಂದ್ರದಿಂದ ದಾಖಲೆ ಪಡೆದವರಿದ್ದರೆ, ಯಾರ ಹೆಸರಿಗೆ, ಏನೇನು ಲಗತ್ತಿಸಿ ಬರೆದಿರೆಂದು ದಯವಿಟ್ಟು ತಿಳಿಸಿರಿ.