ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯೆಲ್ಲ ವೈದ್ಯರ ನಿರ್ಲಕ್ಷ್ಯವೇ?

ಪ್ರಶ್ನೆ (ಉಪ್ಪಳ): ವಕೀಲರಿಗೆ ನಮಸ್ಕಾರ. ಪಿತ್ತಕೋಶದ ಕಲ್ಲಿಗಾಗಿ ಅಮ್ಮನಿಗೆ ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೀಹೋಲ್ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮನೆಗೆ ಬಂದ ಮೇಲೆ ಹೊಟ್ಟೆನೋವು, ಜ್ವರ ಕಾಣಿಸಿಕೊಂಡು ಕಣ್ಣು ಹಳದಿಯಾಯಿತು. ಫೋನು ಮಾಡಿದಾಗಲೆಲ್ಲ ಗ್ಯಾಸ್ ಇರಬಹುದು ಎಂದರು. ಪಿತ್ತನಾಳಕ್ಕೆ ಗಾಯವಾಗಿದೆಯೆಂದು ಬೇರೆ ಆಸ್ಪತ್ರೆಯಲ್ಲಿ ತಿಳಿದು ಎರಡನೆಯ ಶಸ್ತ್ರಚಿಕಿತ್ಸೆ ಆಯಿತು. ಇದು ನಿರ್ಲಕ್ಷ್ಯವೇ? ನಾವು ಕೇರಳದವರು, ಆಸ್ಪತ್ರೆ ಕರ್ನಾಟಕದ್ದು. ದೂರು ಎಲ್ಲಿ ಕೊಡಬೇಕು?

ಉತ್ತರ: ಪಿತ್ತನಾಳಕ್ಕೆ ಗಾಯವಾಗುವುದು ಈ ಶಸ್ತ್ರಚಿಕಿತ್ಸೆಯ ಗೊತ್ತಿರುವ ಅಪಾಯಗಳಲ್ಲೊಂದು, ನುರಿತ ಕೈಯಲ್ಲೂ ಅದು ಸಂಭವಿಸಬಹುದಾದ್ದರಿಂದ ಗಾಯವೊಂದನ್ನೇ ಮುಂದಿಟ್ಟು ನಿರ್ಲಕ್ಷ್ಯವನ್ನು ಸಾಧಿಸುವುದು ಕಷ್ಟ. ಅದೇ ವಿಭಾಗದ ಸಾಮಾನ್ಯ ಸಾಮರ್ಥ್ಯದ ವೈದ್ಯರೊಬ್ಬರು ಅದೇ ಪರಿಸ್ಥಿತಿಯಲ್ಲಿ ವಹಿಸುತ್ತಿದ್ದ ಎಚ್ಚರವನ್ನು ಇವರು ವಹಿಸಿದರೇ ಎಂಬುದೇ ನ್ಯಾಯಾಲಯದ ಅಳತೆಗೋಲು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿ, ಕ್ರಿಮಿನಲ್ ಮೊಕದ್ದಮೆಗೆ ಅತಿ ಘೋರ ನಿರ್ಲಕ್ಷ್ಯವೇ ಬೇಕೆಂದಿತು. ಪೊಲೀಸ್ ಠಾಣೆಗೆ ಓಡುವ ಮೊದಲು ಇದು ನೆನಪಿರಲಿ.

ನಿಮ್ಮ ಪ್ರಕರಣದ ಬಲ ಇರುವುದು ಗಾಯದ ನಂತರದ ದಿನಗಳಲ್ಲಿ. ನೋವು, ಜ್ವರ, ಕಾಮಾಲೆ ಒಟ್ಟಿಗೆ ಬಂದಾಗ ರೋಗಿಯನ್ನು ಕರೆಸಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಮಾಡಿಸದೆ ಫೋನಿನಲ್ಲೇ ಸಮಾಧಾನ ಹೇಳಿದ್ದರೆ ಅದಕ್ಕೆ ಆಸ್ಪತ್ರೆ ಉತ್ತರ ಕೊಡಬೇಕಾಗುತ್ತದೆ. ಕತ್ತರಿಯ ತಪ್ಪಿಗಿಂತ ರೋಗವನ್ನು ತಡವಾಗಿ ಗುರುತಿಸಿದ್ದು, ಅಲರ್ಜಿ ಕೇಳದೆ ಔಷಧ ಕೊಟ್ಟದ್ದು, ಹೆಸರು ಹೋಲುವ ಮಾತ್ರೆ ಬದಲಾದದ್ದು, ಆಸ್ಪತ್ರೆಯಲ್ಲೇ ಸೋಂಕು ತಗಲಿದ್ದು, ಇಂಥವುಗಳಿಂದ ಆಗುವ ಹಾನಿಯೇ ಹೆಚ್ಚೆಂದು ನನಗನಿಸುತ್ತದೆ. ನಮ್ಮ ಗಡಿಭಾಗದಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ: ಕಾಸರಗೋಡಿನಲ್ಲಿ ಆರಂಭಿಸಿದ ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ತಲಪಾಡಿಯ ಗಡಿ ದಾಟುವಷ್ಟರಲ್ಲಿ ಕಾಗದದೊಂದಿಗೆ ಕಳೆದುಹೋಗಿ, ಮಂಗಳೂರಿನ ವೈದ್ಯರಿಗೆ ತಿಳಿಯುವುದೇ ಇಲ್ಲ.

ಗಡಿಯ ಬಗ್ಗೆ ಚಿಂತೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಹಾಗಾಗಿ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ದೂರು ಸಲ್ಲಿಸಲು ಇರುವ ಅವಧಿ 2 ವರ್ಷ. ವೈದ್ಯರ ಮೇಲೆ ಶಿಸ್ತುಕ್ರಮ ಬೇಕಿದ್ದರೆ ಮಾತ್ರ ಅವರು ನೋಂದಣಿಯಾಗಿರುವ ವೈದ್ಯಕೀಯ ಪರಿಷತ್ತಿಗೆ ಬರೆಯಬೇಕು. ಅಲ್ಲಿ ಪರಿಹಾರ ಸಿಗುವುದಿಲ್ಲ. ಇವೆಲ್ಲಕ್ಕಿಂತ ಮೊದಲು ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಸಮ್ಮತಿಪತ್ರದ ಪ್ರತಿಗಳನ್ನು ಲಿಖಿತವಾಗಿ ಕೇಳಿರಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ನೀವು ಮಾಡಿದ ಫೋನ್ ಕರೆಗಳ ದಾಖಲೆಯನ್ನೂ ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ (ಬದಿಯಡ್ಕ): ಸರ್, ಸಮ್ಮತಿಪತ್ರ ಇಂಗ್ಲಿಷಿನಲ್ಲಿತ್ತು, ಅಪ್ಪನಿಗೆ ಕನ್ನಡ ಮಾತ್ರ ಬರುತ್ತದೆ. ಸಹಿ ಹಾಕಿದ್ದರಿಂದ ನಮ್ಮ ಹಕ್ಕು ಹೋಯಿತೇ?

ಉತ್ತರ: ಇಲ್ಲ. ಸಹಿಯು ಅಪಾಯದ ಅರಿವಿಗೆ ಸಾಕ್ಷಿಯೇ ಹೊರತು ನಿರ್ಲಕ್ಷ್ಯಕ್ಕೆ ಮಾಫಿಯಲ್ಲ. ಚಿಕಿತ್ಸೆಯ ಸ್ವರೂಪ, ಅದರ ಅಪಾಯ ಮತ್ತು ಬೇರೆ ದಾರಿಗಳನ್ನು ರೋಗಿಗೆ ಅರ್ಥವಾಗುವಂತೆ ತಿಳಿಸಿರಬೇಕೆಂಬುದು 2008ರ ಸಮೀರಾ ಕೊಹ್ಲಿ ತೀರ್ಪಿನ ಸಾರ. ಅಂದು ಕನ್ನಡದಲ್ಲಿ ವಿವರಿಸಿದವರು ಯಾರಾದರೂ ಇದ್ದರೇ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಕುಂಬಳೆ): ಸರಕಾರಿ ಆಸ್ಪತ್ರೆಯಾದರೆ?

ಉತ್ತರ: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ, 1995ರ ವಿ. ಪಿ. ಶಾಂತಾ ತೀರ್ಪಿನಂತೆ, ಗ್ರಾಹಕ ಕಾಯ್ದೆಯ ಹೊರಗೆ ಉಳಿಯುತ್ತದೆ. ಆದರೆ ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದಿದೆ. ಮಹಾರಾಷ್ಟ್ರದ ಸರಕಾರಿ ಆಸ್ಪತ್ರೆಯೊಂದರಲ್ಲಿ ಮಹಿಳೆಯ ಹೊಟ್ಟೆಯೊಳಗೆ ಬಟ್ಟೆ ಉಳಿದು ಆಕೆ ಮೃತಪಟ್ಟ ಪ್ರಕರಣದಲ್ಲಿ, 1996ರಲ್ಲಿ ಸುಪ್ರೀಂ ಕೋರ್ಟು ರಾಜ್ಯ ಸರಕಾರವನ್ನೇ ಹೊಣೆ ಮಾಡಿತು. ವಕೀಲರ ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.